ಎರಡನೇ ಪ್ರತಿ ಆಗುವ ತನಕ

ಮಗಳೇ,

ಸೊರಬ, ಶಿಕಾರಿಪುರದ ಹಳ್ಳಿಗಳಲ್ಲಿ ವೀರಗಲ್ಲು, ಮಾಸ್ತಿಕಲ್ಲುಗಳ ಫೋಟೊ ತೆಗೆಯಲು ನೀನೂ ನಿನ್ನ ಗೆಳತಿಯೂ ಹೊರಟಿದ್ದೀರೆಂದು ನಿನ್ನಪ್ಪ ಹೇಳಿದ. ಯಾವ ಲೆನ್ಸ್ ಒಯ್ಯಬೇಕೆಂದು ದೊಡ್ಡಪ್ಪನನ್ನು ಕೇಳಬೇಕು ಅಂದೆಯಂತೆ. ಲೆನ್ಸಿನ ಮಾತು ಹೇಳುವವರು ಊರ ತುಂಬ ಇದ್ದಾರೆ. ತೆಗೆದ ಚಿತ್ರವನ್ನು ಹಾಳಾಗದಂತೆ ಮನೆ ಮುಟ್ಟಿಸುವುದು ಹೇಗೆಂದು ಹೇಳುವವರು ಕಡಿಮೆ, ಕೇಳುವವರು ಇನ್ನೂ ಕಡಿಮೆ. ನಾನು ಅದನ್ನಷ್ಟೇ ಬರೆಯುತ್ತೇನೆ. ಮುದುಕರ ಕಾಗದ, ಸ್ವಲ್ಪ ಉದ್ದವಾದೀತು.

ಜೋಗದ ಫೋಟೊ ಕೆಟ್ಟರೆ ಮುಂದಿನ ಮಳೆಗಾಲಕ್ಕೆ ಮತ್ತೆ ಹೋಗಬಹುದು. ಹೊಲದ ಬದುವಿನ ವೀರಗಲ್ಲಿಗೆ ಆ ಖಾತ್ರಿ ಇಲ್ಲ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ 'ಎಪಿಗ್ರಾಫಿಯಾ ಕರ್ನಾಟಿಕಾ'ದ 1902ರ ಏಳನೇ ಸಂಪುಟದಲ್ಲಿ ಶಿಕಾರಿಪುರ ಇದೆ. 1904ರ ಎಂಟನೇ ಸಂಪುಟದಲ್ಲಿ ಸೊರಬ ಇದೆ. ಕಲ್ಲು ಎಲ್ಲಿದೆ ಎನ್ನುವುದಕ್ಕೆ ಅಲ್ಲಿ ಒಂದೇ ಸಾಲಿನ ಗುರುತು: ಇಂಥ ಊರಿನ ಇಂಥ ಗುಡಿಯ ಮುಂದೆ, ಅದೇ ಊರಿನ ಎರಡನೇ ವೀರಗಲ್ಲು, ಹೀಗೆ. ಆ ಸಾಲು ಹಿಡಿದು ಹುಡುಕಿಕೊಂಡು ಹೋದರೆ ಕಲ್ಲು ಅಲ್ಲೇ ಸಿಕ್ಕಿತೆಂದು ನಂಬುವ ಹಾಗಿಲ್ಲ. ರಸ್ತೆ ಅಗಲ ಮಾಡುವಾಗ ಮೋರಿಗೆ ಹೋಗಿರುತ್ತದೆ. ಕೆರೆ ಏರಿಯ ರಿಪೇರಿಯಲ್ಲಿ ಮಣ್ಣಿನಡಿ ಸೇರಿರುತ್ತದೆ. ನಿಧಿ ಆಸೆಗೆ ಯಾರೋ ಬುಡ ಅಗೆದು ಒಡೆದಿರುತ್ತಾರೆ. ಭಕ್ತಿಯೂ ಕಡಿಮೆ ಹಾನಿ ಮಾಡಿಲ್ಲ. ಜೀರ್ಣೋದ್ಧಾರ ಎಂದು ಗೋಡೆಗೆ ಸಿಮೆಂಟು ಬಳಿದಾಗ ಅರ್ಧ ಶಾಸನ ಒಳಗೆ, ಅರ್ಧ ಹೊರಗೆ. ಉಳಿದರ್ಧಕ್ಕೆ ಎನಾಮಲ್ ಪೇಂಟು. ರೈಸ್ ಕಾಲದಲ್ಲಿ ಒದ್ದೆ ಕಾಗದ ಒತ್ತಿ ಮಸಿ ತಟ್ಟಿ ತೆಗೆದ ಪಡಿಯಚ್ಚು, ಅದರಿಂದ ಓದಿ ಮುದ್ರಿಸಿದ ಪಾಠ, ಇವೆರಡೇ ಎಷ್ಟೋ ಕಲ್ಲುಗಳಿಗೆ ಈಗ ಉಳಿದಿರುವ ದಾಖಲೆ. ನೀನು ನಾಳೆ ತೆಗೆಯುವ ಚಿತ್ರವೂ ಅಂಥದ್ದೇ ಒಂದು ಕಲ್ಲಿನ ಕೊನೆಯ ಚಿತ್ರ ಆಗಬಹುದು. ಯಾವ ಕಲ್ಲಿನದು ಎಂದು ಮುಂಚೆ ಗೊತ್ತಾಗುವುದಿಲ್ಲ, ತೊಂದರೆ ಇರುವುದು ಅಲ್ಲೇ.

ಆದ್ದರಿಂದ ಹೇಳುತ್ತೇನೆ: ಬಟನ್ ಒತ್ತಿದಾಗ ಆಗಿರುವುದು ಅರ್ಧ ಕೆಲಸ. ಎರಡನೇ ಪ್ರತಿ ಬೇರೊಂದು ವಸ್ತುವಿನಲ್ಲಿ, ಬೇರೊಬ್ಬರ ಚೀಲದಲ್ಲಿ ಕೂತ ಮೇಲೆ ಮಾತ್ರ ಆ ಕಲ್ಲಿನ ಫೋಟೊ ತೆಗೆದೆ ಎಂದು ಹೇಳು. ಅದೂ ಅವತ್ತೇ, ಮಲಗುವ ಮುಂಚೆ. ನಾಳೆ ಮಾಡೋಣ ಎಂದರೆ ನಾಳೆಯ ಚಿತ್ರಗಳೂ ಬಂದು ಕೂರುತ್ತವೆ.

ಸಂಜೆಯ ಹೊತ್ತು ಹೇಗಿರುತ್ತದೆ ಗೊತ್ತೇ? ಬೆಳಿಗ್ಗೆ ಏಳಕ್ಕೆ ಹೊರಟು ಓರೆ ಬಿಸಿಲಿಗಾಗಿ ಒಂದು ಊರು, ಮಧ್ಯಾಹ್ನ ಕನ್ನಡಿಯಿಂದ ಬೆಳಕು ಹಾಯಿಸಿಕೊಂಡು ಇನ್ನೊಂದು ಊರು, ಇಳಿಹೊತ್ತಿಗೆ ಮತ್ತೊಂದು. ಕಾಲಿನ ತುಂಬ ಮುಳ್ಳು, ಚಪ್ಪಲಿಯಲ್ಲಿ ಗದ್ದೆ ಕೆಸರು. ಯಾರದೋ ಮನೆಯ ಜಗಲಿಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆಯುತ್ತೀರಿ. ಒಳಗಿನಿಂದ ಅಮ್ಮ, "ಎಲೆ ಹಾಕಾಗಿದೆ, ಕೈಕಾಲು ತೊಳೆದು ಬನ್ನಿ" ಅನ್ನುತ್ತಾರೆ. ಕಾಪಿ ಇನ್ನೂ ಅರ್ಧದಲ್ಲಿದೆ. ಮನೆಯ ಹುಡುಗ ತೊಡೆಯ ಮೇಲೇ ಬಂದು ಕೂತು, ತನ್ನ ಫೋಟೊ ಯಾವುದು ತೋರಿಸು ಎಂದು ಹಟ ಹಿಡಿದಿದ್ದಾನೆ. ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಊಟ ಮುಗಿಸಿ, ಕವಳ ಹಾಕುವವರ ಜೊತೆ ಅರ್ಧ ಗಂಟೆ ಹರಟೆ ಹೊಡೆದು, ಹತ್ತೂವರೆಗೆ ಮತ್ತೆ ಲ್ಯಾಪ್‌ಟಾಪ್ ಮುಂದೆ ಕೂತಾಗ ಕಾರ್ಡು ಕೈಯಲ್ಲಿರುತ್ತದೆ, ಆದರೆ ಇದು ಕಾಪಿ ಆಗಿದೆಯೋ ಇಲ್ಲವೋ ನೆನಪಿರುವುದಿಲ್ಲ. ಆಗಿರಬೇಕು ಅನ್ನಿಸುತ್ತದೆ. ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿ ಫಾರ್ಮ್ಯಾಟ್ ಒತ್ತಿಬಿಡುತ್ತೀರಿ. ನಾನು ಕಂಡ ಮಟ್ಟಿಗೆ ಕಾರ್ಡು ತಾನಾಗಿ ಸತ್ತು ಹೋದ ಚಿತ್ರಗಳಿಗಿಂತ ಹೀಗೆ ನಿದ್ದೆಗಣ್ಣಿನ ಕೈಯಿಂದ ಹೋದ ಚಿತ್ರಗಳೇ ಹೆಚ್ಚು.

ಇದಕ್ಕೆ ಮದ್ದು ಸುಲಭ. ಊರಾಡುವಷ್ಟು ದಿನ ಫಾರ್ಮ್ಯಾಟ್ ಅನ್ನುವ ಪದವನ್ನೇ ಮರೆತುಬಿಡು. ದೊಡ್ಡದೊಂದು ಕಾರ್ಡಿನ ಬದಲು 64 ಜಿಬಿಯ ನಾಲ್ಕೈದು ಒಳ್ಳೆಯ ಕಾರ್ಡು ತೆಗೆದುಕೊ. ನಿನ್ನ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ರಾ ಫೈಲೂ ಜೆಪೆಗ್ಗೂ ಸೇರಿ ಒಂದು ಚಿತ್ರಕ್ಕೆ ಹೆಚ್ಚುಕಡಿಮೆ 35-40 ಎಂಬಿ ಬೇಕು. ಒಂದು ಕಾರ್ಡಿಗೆ 1,500 ಚಿತ್ರ ಧಾರಾಳವಾಗಿ ಹಿಡಿಯುತ್ತವೆ. ತುಂಬಿದ ಕಾರ್ಡಿನ ಪಕ್ಕದ ಪುಟ್ಟ ಬೀಗವನ್ನು ಕೆಳಕ್ಕೆ ಸರಿಸಿ, ಡಬ್ಬಿಯಲ್ಲಿ ಮುಖ ಅಡಿಯಾಗಿ ಇಡು. ಮುಖ ಮೇಲಿದ್ದರೆ ಖಾಲಿ, ಅಡಿಯಾಗಿದ್ದರೆ ತುಂಬಿದ್ದು. ಕತ್ತಲಲ್ಲೂ ತಪ್ಪುವುದಿಲ್ಲ. ಒಂದೊಂದರ ಮೇಲೂ ಮಾರ್ಕರಿನಿಂದ ನಂಬರು ಬರೆ. ಕ್ಯಾಮೆರಾದಲ್ಲಿ ಎರಡು ಕಾರ್ಡಿನ ಜಾಗವಿದ್ದರೆ ಎರಡಕ್ಕೂ ಅದೇ ಚಿತ್ರ ಬೀಳುವಂತೆ ಸೆಟ್ಟಿಂಗ್ ಮಾಡು. ಕ್ಯಾಮೆರಾ ಅಂಗಡಿಯಿಂದ ಬರುವಾಗ ಸಾಮಾನ್ಯವಾಗಿ ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ಹೋಗುವ ಹಾಗೆ ಇರುತ್ತದೆ. ಅದು ಜಾಗದ ಅನುಕೂಲ, ರಕ್ಷಣೆ ಏನೂ ಇಲ್ಲ.

ಚೆನ್ನಾಗಿ ಬಂದಿಲ್ಲವೆಂದು ಅಲ್ಲೇ ನಿಂತು ಡಿಲೀಟ್ ಮಾಡುವ ಚಟ ನಿಮ್ಮ ವಯಸ್ಸಿನವರಿಗೆಲ್ಲ ಇದೆ. ಬಿಡು. ಸವೆದ ಕಲ್ಲಿನ ಅಕ್ಷರ ಒಂದೇ ಬೆಳಕಿಗೆ ಪೂರ್ತಿ ಕಾಣುವುದಿಲ್ಲ. ಎಡದಿಂದ ಬಿದ್ದ ಬೆಳಕಿನಲ್ಲಿ ಅಳಿಸಿಹೋದಂತಿದ್ದ ದೀರ್ಘ, ಮೇಲಿನಿಂದ ಬಿದ್ದ ಬೆಳಕಿನ ಮಂಕು ಚಿತ್ರದಲ್ಲಿ ಎದ್ದು ಕೂತಿರುತ್ತದೆ. ಕ್ಯಾಮೆರಾದ ಅಂಗೈ ಅಗಲದ ಪರದೆಯಲ್ಲಿ, ಬಿಸಿಲಲ್ಲಿ, ಕಣ್ಣು ಕಿರಿದು ಮಾಡಿ ನೋಡಿ ತೀರ್ಪು ಕೊಡಬೇಡ. ಓದುವವರು ಬೇರೆ ಇದ್ದಾರೆ. (ಅಂದ ಹಾಗೆ, ಅಕ್ಷರ ಕಾಣಲೆಂದು ಸೀಮೆಸುಣ್ಣ ತುಂಬುವ ಹಳೆಯ ಅಭ್ಯಾಸ ಬೇಡ. ಕನ್ನಡಿ ಸಾಕು.)

ಆರಿಸುವುದು ಅನಿವಾರ್ಯ ಆಗಿದ್ದ ಕಾಲವೊಂದಿತ್ತು. 1915ರಲ್ಲಿ ಅನ್ವೇಷಕ ಶ್ಯಾಕಲ್‌ಟನ್ನನ 'ಎಂಡ್ಯೂರೆನ್ಸ್' ಹಡಗು ಅಂಟಾರ್ಕ್ಟಿಕದ ವೆಡೆಲ್ ಸಮುದ್ರದ ಹಿಮದಲ್ಲಿ ಸಿಕ್ಕಿ ನುಜ್ಜಾದಾಗ, ತಂಡದ ಛಾಯಾಗ್ರಾಹಕ ಫ್ರಾಂಕ್ ಹರ್ಲಿ ಅರ್ಧ ಮುಳುಗಿದ ಹಡಗಿನೊಳಗೆ ಇಳಿದು, ಕೊರೆಯುವ ನೀರಿನಲ್ಲಿ ಕೈಯಾಡಿಸಿ ತನ್ನ ಗಾಜಿನ ನೆಗೆಟಿವ್‌ಗಳ ಪೆಟ್ಟಿಗೆಗಳನ್ನು ಎತ್ತಿ ತಂದ. ಬೆಸುಗೆ ಹಾಕಿ ಮುಚ್ಚಿದ ತಗಡಿನ ಡಬ್ಬಿಗಳಲ್ಲಿ ಇದ್ದುದರಿಂದ ಅವು ಉಳಿದಿದ್ದವು. ಆದರೆ ಮುಂದೆ ಹಿಮದ ಮೇಲೆ ಎಲ್ಲವನ್ನೂ ಎಳೆದುಕೊಂಡು ಹೋಗಬೇಕು, ಗಾಜು ಭಾರ. ಶ್ಯಾಕಲ್‌ಟನ್ನನೂ ಅವನೂ ಕೂತು ಸುಮಾರು 120 ಗಾಜುಗಳನ್ನು ಆರಿಸಿ, 400ರಷ್ಟನ್ನು ಅಲ್ಲೇ ಒಡೆದು ಹಾಕಿದರು. ಮನಸ್ಸು ಬದಲಾಗಿ ಮತ್ತೆ ಹೆಕ್ಕಬಾರದು ಎಂದೇ ಒಡೆದದ್ದು. ಕ್ಯಾಮೆರಾಗಳನ್ನೂ ಬಿಟ್ಟು ಹರ್ಲಿ ಒಂದು ಪುಟ್ಟ ಜೇಬು ಕ್ಯಾಮೆರಾ, ಮೂರು ರೋಲು ಫಿಲ್ಮ್ ಇಟ್ಟುಕೊಂಡ. ಇವತ್ತು ಆ ಪ್ರವಾಸದ ಬಗ್ಗೆ ನಾವು ಕಣ್ಣಾರೆ ಕಾಣುವುದೆಲ್ಲ ಬಹುಮಟ್ಟಿಗೆ ಆ ಉಳಿದ ಗಾಜುಗಳಿಂದ. ನಿನ್ನ ಕಾರ್ಡು ತೂಗುವುದು ಎರಡು ಗ್ರಾಂ. ಒಡೆಯುವ ಪ್ರಮೇಯ ನಿನಗಿಲ್ಲ.

ಈಗ ಕಾಪಿಯ ವಿಷಯ. ಲ್ಯಾಪ್‌ಟಾಪ್ ಒಯ್ಯುವುದಾದರೆ ಕಾರ್ಡಿನಿಂದ ಅದಕ್ಕೆ ಒಂದು, ಹೊರಗಿನ ಎಸ್‌ಎಸ್‌ಡಿಗೆ ಇನ್ನೊಂದು. ಲ್ಯಾಪ್‌ಟಾಪ್ ಹೊರೆ ಅನ್ನಿಸಿದರೆ ಫೋನಿಗೇ ಕಾರ್ಡ್ ರೀಡರ್ ಸಿಕ್ಕಿಸಿ ಇಳಿಸಿಕೊಂಡು, ಫೋನಿನಿಂದ ಎಸ್‌ಎಸ್‌ಡಿಗೆ ಹಾಕಬಹುದು. ಆದರೆ ಇದನ್ನು ಹೊರಡುವ ಮುಂಚೆ ಮನೆಯಲ್ಲಿ ಒಂದು ಸಲ ಮಾಡಿ ನೋಡು. ಕೆಲವು ಫೋನು ಡಿಸ್ಕನ್ನು ಗುರುತಿಸುವುದಿಲ್ಲ, ಕೆಲವಕ್ಕೆ ಅದನ್ನು ನಡೆಸುವಷ್ಟು ಕರೆಂಟು ಒದಗಿಸಲಾಗುವುದಿಲ್ಲ. ಆನವಟ್ಟಿಯ ಬಸ್‌ಸ್ಟ್ಯಾಂಡಿನಲ್ಲಿ ಗೊತ್ತಾದರೆ ಪ್ರಯೋಜನವಿಲ್ಲ. ಹಳೆಯ ಹಾರ್ಡ್ ಡಿಸ್ಕು ಮನೆಯಲ್ಲೇ ಇರಲಿ. ಅದರೊಳಗಿನ ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗುತ್ತಿರುತ್ತದೆ, ಓದುವ ತಲೆಗೂ ತಟ್ಟೆಗೂ ನಡುವೆ ಕೂದಲೆಳೆಯ ಸಾವಿರದ ಒಂದು ಪಾಲೂ ಇಲ್ಲದಷ್ಟು ಅಂತರ. ಕಾಪಿ ಆಗುತ್ತಿರುವಾಗ ಜಗಲಿಯಿಂದ ಅಂಗಳಕ್ಕೆ ಬಿದ್ದರೆ ಮುಗಿಯಿತು. ಎಸ್‌ಎಸ್‌ಡಿಯಲ್ಲಿ ತಿರುಗುವುದೇ ಏನೂ ಇಲ್ಲ.

ಕಟ್ ಮಾಡಿ ಪೇಸ್ಟ್ ಮಾಡಬೇಡ, ಕಾಪಿ ಮಾಡು. ಕಟ್ ಮಾಡುವಾಗ ನಡುವೆ ವೈರು ಅಲುಗಿದರೆ ಫೈಲು ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ ಎನ್ನುವ ಹಾಗಾಗಬಹುದು. ಮುಗಿದ ಮೇಲೆ ಎರಡೂ ಕಡೆ ಫೈಲುಗಳ ಸಂಖ್ಯೆ, ಒಟ್ಟು ಗಾತ್ರ ಒಂದೇ ಇದೆಯೇ ನೋಡು. ಆಮೇಲೆ ಅಲ್ಲಲ್ಲಿ ಹತ್ತು ಚಿತ್ರ ತೆರೆದು ಪೂರ್ತಿ ದೊಡ್ಡದು ಮಾಡಿ ನೋಡು. ಸಣ್ಣ ಸಣ್ಣ ಚಿತ್ರಗಳು ಸಾಲಾಗಿ ಕಂಡವೆಂದು ನಂಬಬೇಡ. ಆ ಪುಟ್ಟ ಚಿತ್ರ ಫೈಲಿನೊಳಗೆ ಬೇರೆಯೇ ಕೂತಿರುತ್ತದೆ. ದೊಡ್ಡ ಚಿತ್ರ ಅರ್ಧಕ್ಕೆ ಕತ್ತರಿಸಿ ಹೋಗಿದ್ದರೂ ಅದು ನಗುನಗುತ್ತಾ ಕಾಣಿಸುತ್ತದೆ.

ಕರೆಂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಲೆನಾಡಿನ ಸೆರಗಿನಲ್ಲಿ ಗಾಳಿ ಬೀಸಿದರೆ ಲೈನಿನ ಮೇಲೆ ಮರ. ಸಿಕ್ಕ ಪ್ಲಗ್ಗಿನಲ್ಲೆಲ್ಲ ಚಾರ್ಜ್ ಮಾಡಿಕೋ, ಆದರೆ ಕಾಪಿ ಮಾಡುವಾಗ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲೇ ಸಾಕಷ್ಟು ಚಾರ್ಜ್ ಇರಲಿ. ಕ್ಯಾಮೆರಾದ ಬ್ಯಾಟರಿ ಕೊನೆಯ ಗೆರೆಗೆ ಬಂದಾಗ ತೆಗೆಯುವುದನ್ನು ನಿಲ್ಲಿಸು, ಕೆಂಪು ದೀಪ ಮಿನುಗುವಾಗ ಕಾರ್ಡಿನ ಬಾಗಿಲು ತೆರೆಯಬೇಡ.

ಎರಡೂ ಪ್ರತಿಗಳನ್ನು ಒಂದೇ ಚೀಲದಲ್ಲಿ ಇಟ್ಟುಕೊಂಡು ತಿರುಗುವುದು ಬೀಗ, ಬೀಗದ ಕೈ ಎರಡನ್ನೂ ಬಾಗಿಲಲ್ಲೇ ಬಿಟ್ಟು ಹೋದ ಹಾಗೆ. ಒಬ್ಬ ಹುಡುಗ ಶ್ರದ್ಧೆಯಿಂದ ದಿನಾ ಕಾಪಿ ಮಾಡುತ್ತಿದ್ದ. ಕ್ಯಾಮೆರಾ, ಕಾರ್ಡು, ಲ್ಯಾಪ್‌ಟಾಪು, ಡಿಸ್ಕು ಎಲ್ಲ ಒಂದೇ ಬೆನ್ನುಚೀಲದಲ್ಲಿ. ಬಸ್ಸಿನ ಮೇಲಿನ ಅಟ್ಟದಲ್ಲಿಟ್ಟು ನಿದ್ದೆ ಹೋದ, ಇಳಿಯುವಾಗ ಚೀಲವಿಲ್ಲ. ನೀವು ಇಬ್ಬರಿದ್ದೀರಿ, ಅದೇ ದೊಡ್ಡ ಅನುಕೂಲ. ಡಿಸ್ಕು ಗೆಳತಿಯ ಚೀಲದಲ್ಲಿರಲಿ, ಕಾರ್ಡುಗಳ ಡಬ್ಬಿ ನಿನ್ನ ಮೈಮೇಲೆ, ಕುತ್ತಿಗೆಗೆ ತೂಗುವ ಸಣ್ಣ ಸಂಚಿಯಲ್ಲಿ. ಸ್ನಾನಕ್ಕೆ ಹೋಗುವಾಗ ತೆಗೆದಿಟ್ಟು ಮರೆಯದಿದ್ದರೆ ಸಾಕು. ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬೂಟಿನ ಡಬ್ಬಿಯಲ್ಲಿ ಬರುತ್ತದಲ್ಲ, ಆ ಸಿಲಿಕಾ ಜೆಲ್ಲಿನ ಪೊಟ್ಟಣ ಒಂದು ಸೇರಿಸು. ಕಾರಿನ ಗಾಜಿನ ಹಿಂದೆ ಬಿಸಿಲಲ್ಲಿ ಮಾತ್ರ ಬಿಟ್ಟು ಹೋಗಬೇಡ.

ನೆಟ್ಟಿಗೆ ಏರಿಸಿಬಿಡುತ್ತೇವೆ ಎಂದು ನೀವು ಹೇಳಬಹುದು. ಲೆಕ್ಕ ಹಾಕು. ದಿನಕ್ಕೆ ಇನ್ನೂರೈವತ್ತು, ಮುನ್ನೂರು ಚಿತ್ರ ಅಂದರೆ 10 ಜಿಬಿ. ಸೆಕೆಂಡಿಗೆ 5 ಮೆಗಾಬಿಟ್‌ನಂತೆ ಏರುತ್ತಿದ್ದರೂ ಅಷ್ಟಕ್ಕೆ ನಾಲ್ಕೂವರೆ ಗಂಟೆ ಬೇಕು. ಹಳ್ಳಿಯಲ್ಲಿ ಆ ವೇಗ ಸಿಗುವುದು ಯಾರದೋ ಮನೆಯ ಹಿಂದಿನ ದಿಬ್ಬದ ಮೇಲೆ, ಅದೂ ಫೋನನ್ನು ಎತ್ತಿ ಹಿಡಿದರೆ. ಹಾಗಾಗಿ ರಾ ಫೈಲಿನ ಆಸೆ ಬಿಟ್ಟು, ಕಲ್ಲಿಗೊಂದರಂತೆ ಚೆನ್ನಾಗಿ ಓದಲು ಬರುವ ಜೆಪೆಗ್ ಆರಿಸಿ ಅಷ್ಟನ್ನೇ ಕಳಿಸು. ಬೆರಳೆಣಿಕೆಯ ಚಿತ್ರ, ಹತ್ತಿಪ್ಪತ್ತು ನಿಮಿಷದ ಕೆಲಸ. ಎಲ್ಲವೂ ಹೋದರೂ ಅದಾದರೂ ಉಳಿಯುತ್ತದೆ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಎಂದು ಕಳಿಸು. ಫೋಟೊ ಎಂದು ಕಳಿಸಿದರೆ ಅದು ಚಿತ್ರವನ್ನು ಹಿಂಡಿ ಸಣ್ಣದು ಮಾಡುತ್ತದೆ, ತೆಗೆದ ದಿನ, ಹೊತ್ತು, ಜಾಗ ಎಲ್ಲ ಉದುರಿಹೋಗುತ್ತವೆ. ಇನ್ನು ಫೋನಿನಲ್ಲಿ ತೆಗೆದದ್ದು ಗೂಗಲ್ ಫೋಟೋಸ್‌ನಲ್ಲಿ ಇದೆ ಎಂಬ ಧೈರ್ಯ ಬೇರೆ ಇದೆ ನಿಮಗೆ. ಜಾಗ ಸಾಲದೆಂದು ಆ ಆ್ಯಪ್ ಒಳಗೇ ಚಿತ್ರ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. 60 ದಿನ ಕಸದ ಬುಟ್ಟಿಯಲ್ಲಿದ್ದು ಆಮೇಲೆ ಖಾಯಂ ಹೋಗುತ್ತದೆ. ಹೀಗೆ ಫೋನಿನ ಜೊತೆ ಸಿಂಕ್ ಆಗಿರುವುದನ್ನು ಪ್ರತಿ ಎಂದು ಲೆಕ್ಕಕ್ಕೆ ಹಿಡಿಯಬೇಡ.

ಇಷ್ಟೆಲ್ಲ ಮಾಡಿ ಚಿತ್ರ ಉಳಿಸಿಕೊಂಡೂ ಕಳೆದುಕೊಳ್ಳುವ ಬಗೆ ಇನ್ನೊಂದಿದೆ. ನನಗೆ ಹೆಚ್ಚು ಹೊಟ್ಟೆ ಉರಿಯುವುದು ಅದಕ್ಕೇ. ಯಾವ ಊರಿನ ಕಲ್ಲು ಎಂದು ಗೊತ್ತಿಲ್ಲದ ಚಿತ್ರ. ವೀರಗಲ್ಲುಗಳು ಒಂದರ ಹಾಗೇ ಇನ್ನೊಂದು: ಕೆಳಗೆ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ವೀರ. ಆರು ತಿಂಗಳ ಮೇಲೆ ಪರದೆಯಲ್ಲಿ ನೋಡಿದರೆ ಇದು ಕುಪ್ಪಟೂರಿನದೋ ಬಳ್ಳಿಗಾವೆಯದೋ ಎಂದು ತಲೆ ಕೆರೆದುಕೊಳ್ಳಬೇಕು. ಊರಿಗೆ ಕಾಲಿಟ್ಟ ಕೂಡಲೇ ಮೊದಲ ಚಿತ್ರ ಊರಿನ ಹೆಸರಿನ ಬೋರ್ಡಿನದು. ಬೋರ್ಡಿಲ್ಲದಿದ್ದರೆ ಶಾಲೆಯದು, ಹಾಲಿನ ಡೇರಿಯದು. ಪ್ರತಿ ಕಲ್ಲಿನ ಮುಂಚೆ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಊರು, ಜಾಗ, ಕಲ್ಲಿನ ನಂಬರು ದಪ್ಪಕ್ಷರದಲ್ಲಿ ಬರೆದು ಕಲ್ಲಿಗೆ ಒರಗಿಸಿ ಒಂದು ಚಿತ್ರ. ರೈಸ್ ಕೊಟ್ಟ ನಂಬರು ಗೊತ್ತಿದ್ದರೆ ಅದೂ. ಆಮೇಲೆ ದೂರದಿಂದ ಒಂದು: ಮರ, ಗುಡಿ, ಕೆರೆ ಏರಿ ಕಾಣುವಂತೆ. ಕಲ್ಲು ಕದಲಿದರೂ ಅದು ಇದ್ದ ಜಾಗ ಉಳಿದೀತು. ಕ್ಯಾಮೆರಾದ ಗಡಿಯಾರ, ಇಬ್ಬರ ಫೋನಿನ ಗಡಿಯಾರ ಹೊರಡುವ ದಿನ ಒಂದಾಗಿರಲಿ.

ರಾತ್ರಿ ಕಾಪಿಗೆ ಕೂತಾಗ ದಿನಕ್ಕೊಂದು ಫೋಲ್ಡರ್ ಮಾಡು. ಹೆಸರು ಇಸವಿಯಿಂದ ಶುರುವಾಗಲಿ, ಆಮೇಲೆ ತಿಂಗಳು, ತಾರೀಕು, ಊರು. ಆಗ ತಾನಾಗಿಯೇ ಸಾಲಾಗಿ ನಿಲ್ಲುತ್ತವೆ. ಎಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿಯಬೇಡ, ಅದಕ್ಕೊಂದು ಕಾರಣವಿದೆ. ಕ್ಯಾಮೆರಾ ಫೈಲುಗಳಿಗೆ ನಾಲ್ಕಂಕಿಯ ಹೆಸರು ಕೊಡುತ್ತಾ ಹೋಗಿ 9999 ಆದ ಮೇಲೆ ಮತ್ತೆ 0001ಕ್ಕೆ ಬರುತ್ತದೆ. ನಿನ್ನ ಗೆಳತಿಯದೂ ಅದೇ ಕಂಪನಿಯ ಕ್ಯಾಮೆರಾ ಆದರೆ ಇಬ್ಬರ ಹತ್ತಿರವೂ ಒಂದೇ ಹೆಸರಿನ ಚಿತ್ರ. ಒಂದೇ ಕಡೆ ಹಾಕಿದಾಗ, ಈ ಹೆಸರಿನ ಫೈಲು ಆಗಲೇ ಇದೆ, ಅದರ ಮೇಲೇ ಬರೆಯಲೇ ಎಂದು ಲ್ಯಾಪ್‌ಟಾಪ್ ಕೇಳುತ್ತದೆ. ಹತ್ತೂವರೆ ರಾತ್ರಿಗೆ ಎಲ್ಲರೂ ಒತ್ತುವುದು ಹೌದು ಎಂದೇ.

ಆ ದಿನ ಬರೆದ ನೋಟ್‌ಬುಕ್ ಪುಟಗಳನ್ನೂ ಕೊನೆಗೆ ಕ್ಯಾಮೆರಾದಲ್ಲೇ ತೆಗೆದು ಅದೇ ಫೋಲ್ಡರಿಗೆ ಸೇರಿಸು. ಎಷ್ಟನೇ ಫೈಲಿನಿಂದ ಎಷ್ಟನೆಯದರವರೆಗೆ ಯಾವ ಕಲ್ಲು ಎಂದು ಅದರಲ್ಲಿ ಬರೆದಿಟ್ಟಿರು. ಜಾಗದ ಯಜಮಾನರು, ಪೂಜಾರಿಗಳು ಹೇಳಿದ ಕತೆಯೂ ಅಲ್ಲೇ ಇರಲಿ. ನೋಟ್‌ಬುಕ್ ನೀರಿಗೆ ಬಿದ್ದರೂ ಪರವಾಗಿಲ್ಲ ಎನ್ನುವ ಹಾಗೆ.

ಕಾರ್ಡೇ ಕೈಕೊಟ್ಟರೆ? ಲ್ಯಾಪ್‌ಟಾಪಿಗೆ ಹಾಕಿದಾಗ, ಇದನ್ನು ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಬೇಡ ಎಂದು ಹೇಳಿ ಹೊರಗೆ ತೆಗೆ. ಅದರಲ್ಲಿ ಇನ್ನೊಂದು ಚಿತ್ರವನ್ನೂ ತೆಗೆಯಬೇಡ. ಮೇಲೆ ಟೇಪು ಸುತ್ತಿ ಬೇರೆ ಇಡು, ಹೊಸ ಕಾರ್ಡು ಹಾಕಿ ಕೆಲಸ ಮುಂದುವರಿಸು, ಅಳುತ್ತಾ ಕೂರಬೇಡ ಮಾರಾಯ್ತಿ. ಹಾಗೆಯೇ, ಕೈತಪ್ಪಿ ಅಳಿಸಿದ ಚಿತ್ರವೂ ಅಳಿಸಿದ ಕ್ಷಣವೇ ಹೋಗಿರುವುದಿಲ್ಲ. ಆ ಜಾಗ ಖಾಲಿ ಇದೆ ಎಂಬ ಗುರುತು ಬಿದ್ದಿರುತ್ತದೆ ಅಷ್ಟೆ. ಮೇಲೆ ಹೊಸದು ಬಂದು ಕೂತಾಗ ನಿಜವಾಗಿ ಹೋಗುತ್ತದೆ. ಮನೆಗೆ ಬಂದ ಮೇಲೆ ಫೋಟೋರೆಕ್ ಎಂಬ ಉಚಿತ ತಂತ್ರಾಂಶದಿಂದ ಹುಡುಕಿಸಿದರೆ ಬಹಳಷ್ಟು ಸಲ ಸಿಗುತ್ತವೆ. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಉಳಿಸಬೇಡ, ಬೇರೆ ಡಿಸ್ಕಿಗೆ. ಮೂಲ ಹೆಸರುಗಳು ಮಾತ್ರ ಸಾಮಾನ್ಯವಾಗಿ ಹೋಗಿರುತ್ತವೆ. ಕಲ್ಲಿಗೊರಗಿಸಿದ ಹಾಳೆಯ ಚಿತ್ರ ಆಗ ಕೈ ಹಿಡಿಯುತ್ತದೆ.

ಮನೆಗೆ ಬಂದ ಮೇಲೂ ಒಂದಿಷ್ಟು ಕೆಲಸವಿದೆ. ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು ಚಿತ್ರಗಳನ್ನು ಜೋಡಿಸಿಡುವ ಬಗ್ಗೆ 2005ರಲ್ಲಿ ಪುಸ್ತಕ ಬರೆದರು. 3-2-1 ಎಂಬ ಲೆಕ್ಕ ಪ್ರಚಾರಕ್ಕೆ ಬಂದದ್ದು ಅವರಿಂದ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ನಿನ್ನ ಮನೆಯ ಹಾರ್ಡ್ ಡಿಸ್ಕಿನಲ್ಲಿ ಒಂದು, ಗೆಳತಿಯ ಮನೆಯಲ್ಲಿ ಒಂದು, ನೆಟ್ಟಿನಲ್ಲಿ ಒಂದು. ಎಸ್‌ಎಸ್‌ಡಿ ಊರಾಡಲು ಒಳ್ಳೆಯದು, ಆದರೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟು ಮರೆಯುವ ವಸ್ತುವಲ್ಲ. ಕರೆಂಟು ಕಾಣದೆ ಬಹಳ ಕಾಲ ಬಿದ್ದಿದ್ದರೆ ಒಳಗಿನದು ಮಾಸಬಹುದು. ಈ ಮೂರು ಪ್ರತಿಯೂ ಆಗಿ, ತೆರೆದು ನೋಡಿದ ಮೇಲೆ ಕಾರ್ಡುಗಳನ್ನು ಕ್ಯಾಮೆರಾಕ್ಕೆ ಹಾಕಿ ಧಾರಾಳವಾಗಿ ಫಾರ್ಮ್ಯಾಟ್ ಮಾಡು. ಅಲ್ಲಿಯ ತನಕ ಮುಟ್ಟಬೇಡ.

ಇನ್ನೊಂದು ಪ್ರತಿಯ ಬಗ್ಗೆ ಯಾವ ಪುಸ್ತಕವೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಪ್ರತಿ ಊರಿನ ಕಲ್ಲುಗಳ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಹಿಂದೆ ಊರು, ತಾರೀಕು, ಓದಲು ಬಂದಷ್ಟು ಪಾಠ ಬರೆದು, ಲ್ಯಾಮಿನೇಷನ್ ಮಾಡಿಸಿ ಆ ಊರಿನ ಶಾಲೆಗೆ ಒಂದು, ಊಟ ಹಾಕಿದ ಮನೆಗೆ ಒಂದು ಕಳಿಸು. ಗೋಡೆಯ ಮೇಲೆ ತೂಗು ಹಾಕಿದ್ದನ್ನು ಅವರು ಗಣಪತಿ ಫೋಟೊದಷ್ಟೇ ಜೋಪಾನ ಮಾಡುತ್ತಾರೆ. ನಮ್ಮೂರ ಕಲ್ಲು ಎಂದು ಗೊತ್ತಾದ ಮೇಲೆ ಅದರ ಮೇಲೆ ಬಟ್ಟೆ ಒಗೆಯುವುದು ನಿಂತರೂ ನಿಂತೀತು.

ಹೊರಡುವ ಮುಂಚಿನ ಭಾನುವಾರ ಮನೆಗೆ ಬಾ. ನನ್ನ ಹತ್ತಿರ ಒಂದು ಕಾರ್ಡ್ ರೀಡರ್ ಹೆಚ್ಚಿಗೆ ಇದೆ, ನಿನ್ನದು ಕೆಟ್ಟರೆ ಬೇಕಾದೀತು. ಆ ಫೋನಿನಿಂದ ಡಿಸ್ಕಿಗೆ ಹಾಕುವುದನ್ನೂ ಅವತ್ತೇ ಮಾಡಿ ನೋಡಿಬಿಡೋಣ. ದೊಡ್ಡಮ್ಮ ಕಡುಬು ಮಾಡುತ್ತೇನೆ ಅಂದಿದ್ದಾಳೆ, ಗೆಳತಿಯನ್ನೂ ಕರೆದುಕೊಂಡು ಬಾ.